ಹಳದಿ ಸರಪಳಿಯ ಆಚೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಗ್ಗೆ ಆರಕ್ಕೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಸೊಸೆ ಬಕೆಟ್ ಇಟ್ಟಳು. ಅದು ತುಂಬಿ, ಚೆಲ್ಲಿ, ನೀರು ಅಡುಗೆಮನೆಯ ಹೊಸ್ತಿಲು ದಾಟಿದರೂ ಅವಳು ನಲ್ಲಿಯನ್ನೇ ನೋಡುತ್ತ ನಿಂತಿದ್ದಳು.

ಅವಳನ್ನು ಎಚ್ಚರಿಸಿದ್ದು ಟ್ರಂಕು ಎಳೆಯುವ ಸದ್ದು. ನಡುಮನೆಯಲ್ಲಿ ಅತ್ತೆ ಬಟ್ಟೆ ಮಡಚಿ ತುಂಬುತ್ತಿದ್ದರು.

"ಎಲ್ಲಿಗೆ ಅತ್ತೆ?"

"ಮಗಳ ಮನೆಗೆ. ನನ್ನ ಮಗನ್ನ ತಿಂದ ಟವರ್ ಕೆಳಗೆ ಇನ್ನೊಂದು ದಿನ ಇರಲ್ಲ. ನೀನೂ ತವರಿಗೆ ಹೋಗಿಬಿಡು."

ಅವರದು ನಾಲ್ಕನೇ ಮಹಡಿ. ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ಮೊಬೈಲ್ ಟವರ್. ಮಗ ಮಾಡುತ್ತಿದ್ದದ್ದೂ ಟವರ್ ಹತ್ತಿ ಆಂಟೆನಾ ರಿಪೇರಿ ಮಾಡುವ ಕೆಲಸವೇ. ಮೂವತ್ತನಾಲ್ಕಕ್ಕೆ ತಲೆಯೊಳಗಿನ ರಕ್ತನಾಳ ಒಡೆದು ಹೋಗಿಬಿಟ್ಟ. ಬಿ.ಪಿ. ಇತ್ತು, ಎರಡು ವರ್ಷದಿಂದ ಮಾತ್ರೆ ಬಿಟ್ಟಿದ್ದ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಡಾಕ್ಟರ ಮಾತು ಆಸ್ಪತ್ರೆಯಲ್ಲೇ ಉಳಿಯಿತು. ಟವರಿನ ಅಲೆಯೇ ಅವನನ್ನು ಕೊಂದಿತು ಎಂಬ ಕೆಳಮನೆಯ ದರ್ಜಿ ಹೆಂಗಸಿನ ಮಾತು ಮೆಟ್ಟಿಲು ಹತ್ತಿ ಬಂತು. ಆಕೆಗೆ ಬೀದಿಯವರು ಇಟ್ಟ ಹೆಸರು ರೇಡಿಯೋ.

ಸೊಸೆ ಭೌತಶಾಸ್ತ್ರ ಓದಿದವಳು. ಆ ಗಳಿಗೆಯಲ್ಲಿ ಓದಿದ್ದೊಂದೂ ನೆನಪಿಗೆ ಬರಲಿಲ್ಲ. ಒಂದು ಮಾತ್ರ ಹೊಳೆಯಿತು: ಈ ಟ್ರಂಕು ಮೆಟ್ಟಿಲಿಳಿದರೆ, ಅವನ ಬಗ್ಗೆ ಮಾತಾಡಲು ಈ ಮನೆಯಲ್ಲಿ ಇನ್ನೊಂದು ಜೀವ ಇರುವುದಿಲ್ಲ.

ಅಷ್ಟರಲ್ಲಿ ರೇಡಿಯೋ ಬಾಗಿಲಿಗೆ ಬಂದರು. ಕಿವಿಯಲ್ಲಿ ಮೊಬೈಲ್. "ಇರೇ, ಮುಕ್ಕಾಲು ಗಂಟೆ ಆಯ್ತು, ಕಿವಿ ಕಾದ ಕಾವಲಿ ಆಗಿದೆ" ಎಂದು ಅದಕ್ಕೆ ಹೇಳಿ, ಅತ್ತೆಯತ್ತ ತಿರುಗಿದರು. "ಅಕ್ಕಾ, ಸಂಜೆ ಎಲ್ಲರೂ ಸೇರ್ತಿದೀವಿ. ಟವರ್ ತಂತಿ ಕತ್ತರಿಸೋದೇ ಸೈ. ನೀವು ಮಗನ ವಿಷಯ ಹೇಳಿ, ಸಾಕು."

ಅವರ ಬೆನ್ನಿಗೇ ಮಗನ ಜೊತೆ ಟವರ್ ಹತ್ತುತ್ತಿದ್ದ ಗೆಳೆಯ ಬಂದ. ಬಂದ ಕೆಲಸ ಹೇಳಲು ಮುಜುಗರ ಪಟ್ಟ. "ಅತ್ತಿಗೆ, ಟವರ್ ಹತ್ತುವಾಗ ಹಾಕ್ಕೊಳ್ಳೋ ನನ್ನ ಅಲಾರಂ ಅವನ ಹತ್ರ ಉಳೀತು. ಅವನದು ಕೆಟ್ಟಿತ್ತು, ನಂದು ಕೇಳಿ ತಗೊಂಡಿದ್ದ. ಅದಿಲ್ಲದೆ ನನ್ನನ್ನ ಹತ್ತೋಕೆ ಬಿಡ್ತಿಲ್ಲ."

ಸೊಸೆ ಗಂಡನ ಕೆಲಸದ ಚೀಲದಿಂದ ಅದನ್ನು ತೆಗೆದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಂಗಿಯ ಜೇಬಿಗೆ ಸಿಕ್ಕಿಸುವಂಥದ್ದು. ಅತ್ತೆ ಕಿತ್ತುಕೊಂಡು ಎದೆಗೊತ್ತಿಕೊಂಡರು.

"ನನ್ನ ಮಗನ ಎದೆ ಮೇಲಿದ್ದದ್ದು. ಕೊಡಲ್ಲ."

"ಕೊಡಬೇಡಿ" ಎಂದಳು ಸೊಸೆ. "ಹಿಡ್ಕೊಂಡು ನಡೀರಿ. ಟವರಿನ ಅಲೆ ಜಾಸ್ತಿ ಇರೋ ಕಡೆ ಅದು ಕೂಗುತ್ತೆ. ಮನೆಯೊಳಗೆ ಒಂದು ಸಲ ಕೂಗಿದರೂ ಟ್ರಂಕು ನಾನೇ ಹೊತ್ತು ಇಳಿಸ್ತೀನಿ."

ಅತ್ತೆ ಅಡುಗೆಮನೆಗೆ ಹೋದರು. ಸದ್ದಿಲ್ಲ. ಕಿಟಕಿ ತೆಗೆದರು. ಸದ್ದಿಲ್ಲ. ಮಗ ಮಲಗುತ್ತಿದ್ದ ಮಂಚದ ಮೇಲೆ ಐದು ನಿಮಿಷ ಹಿಡಿದು ಕೂತರು.

"ಕೆಟ್ಟಿರಬೇಕು" ಎಂದರು ರೇಡಿಯೋ.

ಗೆಳೆಯ ಒಂದು ಗುಂಡಿ ಒತ್ತಿದ. ಅಲಾರಂ ಕಿರುಚಿತು. "ನಿಮ್ಮ ಹಾಗೇ ಗಂಟಲು ಗಟ್ಟಿ ಇದೆ, ನೋಡಿ."

ಎಲ್ಲರೂ ತಾರಸಿಗೆ ಹತ್ತಿದರು. ಬಾಗಿಲಲ್ಲಿ ಸದ್ದಿಲ್ಲ. ನೀರಿನ ಟ್ಯಾಂಕಿನ ಬಳಿ ಸದ್ದಿಲ್ಲ. ಅತ್ತೆ ಮೂಲೆಗೆ ಹೋಗಿ, ಒಣಹಾಕಿದ್ದ ಹಾಸಿಗೆ ಹೊದಿಕೆ ಸರಿಸಿ ಆಂಟೆನಾದ ಮುಂದೆ ಹೆಜ್ಜೆ ಇಟ್ಟರು. ಅಲಾರಂ ಕೂಗಿಕೊಂಡಿತು. ಅತ್ತೆ ಹಾರಿ ಹಿಂದೆ ಬಂದರು. ಮತ್ತೆ ಮೌನ.

ಗೆಳೆಯ ಹೊದಿಕೆ ಎತ್ತಿ ನೋಡಿದ. ಅಡಿಯಲ್ಲಿ ಹಳದಿ ಸರಪಳಿ. "ಇದು ಆಂಟೆನಾ ಮುಂದೆ ಯಾರೂ ಹೋಗಬಾರದು ಅಂತ ಅಡ್ಡ ಕಟ್ಟಿದ್ದು. ಇಲ್ಲಿಗೆ ಯಾರು ಎಳೆದು ಕಟ್ಟಿದ್ರು?"

"ನಾನೇ" ಎಂದರು ಅತ್ತೆ. "ಸುಮ್ನೆ ನೇತಾಡ್ತಿತ್ತು, ಬಟ್ಟೆ ಒಣಹಾಕೋಕೆ ಕಟ್ಟಿದೆ. ಬಿಸಿಲು ಇಲ್ಲೇ ಚೆನ್ನಾಗಿ ಬೀಳುತ್ತೆ."

"ಎಚ್ಚರಿಕೆ ಬೋರ್ಡು?"

"ನೀರಿನ ಡ್ರಮ್ಮಿಗೆ ಮುಚ್ಚಿದೀನಿ. ಅಳತೆ ಸರಿಹೋಯ್ತು."

ಯಾರೂ ನಗಲಿಲ್ಲ. ಆಮೇಲೆ ಅತ್ತೆಯೇ ನಕ್ಕರು. "ಟವರ್ ಅಂತ ಹೆದರಿ ಕಿಟಕಿ ಹಾಕ್ಕೊಂಡು ಕೂತವಳು, ದಿನಾ ಅದರ ಬಾಯಿಗೇ ಬಂದು ನಿಲ್ತಿದ್ದೆನಾ?"

"ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲಮ್ಮ" ಎಂದ ಗೆಳೆಯ. "ಆಂಟೆನಾ ಅಲೆಗಳನ್ನ ಮುಂದಕ್ಕೆ ಎಸೆಯುತ್ತೆ, ಬುಡಕ್ಕೆ ಬೀಳೋದು ಕಡಿಮೆ. ತೀರಾ ಎದುರಿಗೆ ತುಂಬ ಹೊತ್ತು ನಿಂತರೆ ಮೈ ಕಾಯಬಹುದು, ಒಲೆ ಮುಂದೆ ನಿಂತ ಹಾಗೆ. ದೂರ ಸರಿದರೆ ಆ ಕಾವು ಇಲ್ಲ."

ಅತ್ತೆಯ ದನಿ ಸಣ್ಣದಾಯಿತು. "ಹಾಗಾದ್ರೆ ನನ್ನ ಮಗ ದಿನಾ ಅದರ ಎದುರಿಗೇ…"

"ಇಲ್ಲಮ್ಮ. ಎದುರಿಗೆ ಹೋಗೋ ಮುಂಚೆ ಆಫ್ ಮಾಡಿಸ್ತೀವಿ. ಆಫ್ ಆಗದೆ ಅವನು ಒಂದು ಹೆಜ್ಜೆ ಇಟ್ಟವನಲ್ಲ. ನಾವು ಅವಸರ ಮಾಡಿದ್ರೆ ಬೈತಿದ್ದ. ಮಾತ್ರೆ ನುಂಗೋದೊಂದರಲ್ಲಿ ಮಾತ್ರ…" ಅವನು ಮಾತು ನುಂಗಿಕೊಂಡ.

ಅತ್ತೆ ಅಲಾರಂ ಅನ್ನು ಸೆರಗಿನಿಂದ ಒರೆಸಿದರು.

ರೇಡಿಯೋ ಸೋಲೊಪ್ಪಲಿಲ್ಲ. "ಕೂಗಲಿಲ್ಲ ಅಂದ್ರೆ ಮನೇಲಿ ಅಲೆನೇ ಇಲ್ವಾ?"

"ಇದೆ" ಎಂದಳು ಸೊಸೆ. "ಇದು ಕೆಲಸಗಾರರ ಅಲಾರಂ. ಮನೇಲಿ ವಾಸ ಮಾಡೋರಿಗೆ ಮಿತಿ ಇನ್ನೂ ಬಿಗಿ. ಅದಕ್ಕೇ ಇಲಾಖೆಯವರನ್ನ ಕರೆಸಿ ಅಳತೆ ಮಾಡಿಸೋಣ. ತಂತಿ ಕತ್ತರಿಸಿದ್ರೆ ಸಿಗ್ನಲ್ ಕುಗ್ಗುತ್ತೆ. ಆಗ ದೂರದ ಟವರನ್ನ ಮುಟ್ಟೋಕೆ ನಿಮ್ಮ ಕಿವಿಯಲ್ಲಿರೋ ಫೋನೇ ಜಾಸ್ತಿ ಅಲೆ ಬಿಡಬೇಕು."

ರೇಡಿಯೋ ಮೆಲ್ಲಗೆ ತಮ್ಮ ಫೋನನ್ನು ಕಿವಿಯಿಂದ ತೆಗೆದು, ದೂರ ಹಿಡಿದು, ಸ್ಪೀಕರಿಗೆ ಹಾಕಿದರು. "ಏ, ಸಂಜೆ ಕತ್ತರಿ ತರಬೇಡ. ಪೆನ್ನು ತಾ."

ಆ ಸಂಜೆ ಮೂವತ್ತೊಂದು ಜನ ಅರ್ಜಿಗೆ ಸಹಿ ಹಾಕಿದರು. ಎಂಟನೇ ದಿನ ದೂರಸಂಪರ್ಕ ಇಲಾಖೆಯ ಅಧಿಕಾರಿ ದೊಡ್ಡ ಮೀಟರ್ ಹೊತ್ತು ಬಂದರು. ಅಡುಗೆಮನೆ, ಮಂಚ, ಮೆಟ್ಟಿಲು, ರೇಡಿಯೋ ಅವರ ಹೊಲಿಗೆ ಯಂತ್ರ, ಎಲ್ಲ ಕಡೆ ಅಳೆದರು. ಬೀದಿಯೇ ಅವರ ಹಿಂದೆ ಮೆಟ್ಟಿಲು ಹತ್ತಿಳಿಯಿತು.

"ಮಿತಿ ನೂರು ಅಂತಿಟ್ಕೊಳ್ಳಿ" ಎಂದರು ಅಧಿಕಾರಿ. "ನಿಮ್ಮ ಮನೆಗಳಲ್ಲಿರೋದು ಎರಡು ದಾಟಿಲ್ಲ."

ಚಪ್ಪಾಳೆ ಮೆಟ್ಟಿಲುದ್ದಕ್ಕೂ ಉರುಳಿತು. ಅಷ್ಟಕ್ಕೇ ಮುಗಿಯಲಿಲ್ಲ. ವರ್ಷದಿಂದ ತಾರಸಿಯನ್ನು ಬಂದು ನೋಡದ ಕಂಪನಿಗೆ ನೋಟಿಸ್ ಹೋಯಿತು. ಎರಡೇ ದಿನದಲ್ಲಿ ಆಂಟೆನಾ ಸುತ್ತ ಕಬ್ಬಿಣದ ಬೇಲಿ, ಬೀಗ, ಹೊಸ ಬೋರ್ಡು ಬಂದವು. ಬಟ್ಟೆ ಒಣಹಾಕಲು ತಾರಸಿಯ ಇನ್ನೊಂದು ತುದಿಯಲ್ಲಿ ಹಗ್ಗ ಕಟ್ಟಿದರು. "ನಮ್ಮ ಬೀದಿ ಗೆದ್ದಿತು!" ಎಂದು ರೇಡಿಯೋ ಮೂರು ಬೀದಿಗೆ ಕೇಳುವಂತೆ ಸಾರಿದರು.

ಅತ್ತೆ ಟ್ರಂಕು ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ಜೋಡಿಸಿದರು. ಕೊನೆಗೆ ಅಲಾರಂ ಸೊಸೆಯ ಅಂಗೈಯಲ್ಲಿಟ್ಟರು. "ನೀನೇ ಕೊಟ್ಟು ಬಾ. ಅವನೂ ಒಬ್ಬ ತಾಯಿಯ ಮಗ."

ಸೊಸೆ ಕೆಳಗಿಳಿದು, ಬೀದಿಯಲ್ಲಿ ಕಾಯುತ್ತಿದ್ದ ಗೆಳೆಯನ ಅಂಗಿಯ ಜೇಬಿಗೆ ಅದನ್ನು ತಾನೇ ಸಿಕ್ಕಿಸಿದಳು. "ನಿನ್ನದು ನಿನಗೆ. ಕೂಗಿದರೆ ಇಳಿದುಬಿಡು" ಎಂದಳು.

ಓದುಗರೇ, ನಿಮ್ಮ ಮನೆಯ ಬಳಿಯೂ ಟವರ್ ಇರಬಹುದು. ಮಿತಿಯೊಳಗಿನ ಅಲೆಗಳಿಂದ ಕಾಯಿಲೆ ಬರುತ್ತದೆಂದು ಇದುವರೆಗಿನ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ; ಸಂಶೋಧನೆ ಇನ್ನೂ ನಡೆಯುತ್ತಿದೆ. ಮಿತಿ ಪಾಲನೆಯಾಗುತ್ತಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಆಂಟೆನಾದ ಎದುರು ಹೋಗಬೇಡಿ, ಬೇಲಿ ಬಿಚ್ಚಬೇಡಿ. ಉದ್ದದ ಮಾತಿಗೆ ಫೋನನ್ನು ಕಿವಿಯಿಂದ ದೂರವಿಡಿ. ಅನುಮಾನ ಬಂದರೆ ನೆರೆಯವರನ್ನು ಸೇರಿಸಿ, ಒಂದು ಅರ್ಜಿ ಬರೆಯಿರಿ, ಅಳೆಸಿ ನೋಡಿ. ಒಂದು ಬೀದಿಗೆ ಸಾಧ್ಯವಾದದ್ದು ನಿಮ್ಮ ಬೀದಿಗೂ ಸಾಧ್ಯ.