ಹೊರಗಿನ ಎಡೆ

ಮ್ಯೂನಿಕ್‌ನಲ್ಲಿ ನಮ್ಮ ಮನೆಯ ಕರೆಗಂಟೆಯ ಪಕ್ಕ ‘ಕಮ್ಮಾರ’ ಎಂದಿದೆ. ಜರ್ಮನ್ ಭಾಷೆಯಲ್ಲಿ ಕಮ್ಮರ್ ಎಂದರೆ ಪುಟ್ಟ ಕೋಣೆ, ಪೊರಕೆ-ಬಕೆಟ್ಟು ಇಡುವ ಜಾಗ. ಪಾರ್ಸೆಲ್ ತರುವವನು ವರ್ಷಗಟ್ಟಲೆಯಿಂದ ಅದೇ ಜೋಕು ಹೇಳುತ್ತಾನೆ, ನಾನೂ ನಗುತ್ತೇನೆ. ಅವನಿಗೇನು ಗೊತ್ತು, ಆ ಹೆಸರು ಹುಬ್ಬಳ್ಳಿಯಲ್ಲೂ ನಮಗೆ ಹೊಂದುತ್ತಿರಲಿಲ್ಲ. ನಾವು ಕಮ್ಮಾರರೇ ಅಲ್ಲ. ನಮ್ಮ ಮನೆಯ ಗಂಡಸರು ಗೋಡೆಗೆ ಮೊಳೆ ಹೊಡೆಯಲೂ ಆಳು ಕರೆಯುತ್ತಾರೆ.

ದೊಡ್ಡಪ್ಪ ಹಾಲಸಿದ್ದಪ್ಪ ಇದಕ್ಕೊಂದು ಕಥೆ ಕಟ್ಟಿದ್ದರು. ನಮ್ಮ ಹಿರಿಯರು ಕಿತ್ತೂರಿನ ಸೈನ್ಯಕ್ಕೆ ಖಡ್ಗ ಮಾಡಿಕೊಟ್ಟವರಂತೆ. ಈ ಕಥೆಗೆ ಅವರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಂದಿವೆ. ಒಂದಾದರೂ ಖಡ್ಗ ತೋರಿಸಿ ಎಂದವರಿಗೆ “ಇಂಗ್ಲಿಷರು ಒಯ್ದರು” ಎನ್ನುತ್ತಾರೆ. ಕೇಳಿದವರು ಕೈಮುಗಿಯುತ್ತಾರೆ.

ನಿಜ ಸಂಗತಿ ಮನೆಯ ಹೆಂಗಸರ ಬಾಯಲ್ಲಿ ಉಳಿದಿತ್ತು. ಅಜ್ಜಿ ಬಸಕ್ಕ ಅವ್ವನಿಗೆ ಹೇಳಿದ್ದಳು, ಅವ್ವ ನನಗೆ ಹೇಳಿದಳು. ರೈಲಿನ ಸೇತುವೆ ಕಟ್ಟಲು ಸ್ಕಾಟ್ಲೆಂಡಿನಿಂದ ಕ್ಯಾಮರನ್ ಎಂಬ ಎಂಜಿನಿಯರ್ ಬಂದಿದ್ದ. ಅಲ್ಲಿ ಕಲ್ಲು ಹೊರುತ್ತಿದ್ದ ಗಂಗವ್ವನ ಜೊತೆ ಸಂಸಾರ ಹೂಡಿದ. ಊರಿಗೆ ಹೋಗಿ ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಮಗನನ್ನು ಸಾಲಿಗೆ ಹಾಕುವಾಗ ಮಾಸ್ತರರು ತಂದೆಯ ಹೆಸರು ಕೇಳಿದರು. ಗಂಗವ್ವ ತಲೆ ತಗ್ಗಿಸದೆ “ಕ್ಯಾಮರನ್ ಸಾಹೇಬ” ಎಂದಳಂತೆ. ಮಾಸ್ತರರ ಕಿವಿಗೆ ಬಿದ್ದದ್ದು ‘ಕಮ್ಮಾರ’. ಆ ಹುಡುಗನೇ ನನ್ನ ಮುತ್ತಜ್ಜ. ತಂದೆಯನ್ನೇ ಹೋಲುವ ಅವನ ಬೂದು ಕಣ್ಣು ನನಗೂ ಬಂದಿದೆ, ದೊಡ್ಡಪ್ಪನಿಗೂ ಬಂದಿದೆ. ದೊಡ್ಡಪ್ಪ ಮನೆಯೊಳಗೂ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಕಣ್ಣಿನ ಆಪರೇಶನ್ ಆಗಿದೆ ಎನ್ನುತ್ತಾರೆ. ಆಪರೇಶನ್ ಆಗಿ ಇಪ್ಪತ್ತು ವರ್ಷವಾಯಿತು.

ಈ ಸಲ ಅವ್ವ ಮೂರು ತಿಂಗಳಿಗೆಂದು ಬಂದಾಗ ನಾನು ಸ್ಕಾಟ್ಲೆಂಡಿನ ಮಾತು ತೆಗೆದೆ. ಕ್ಯಾಮರನ್‌ನ ಊರನ್ನು ಹುಡುಕಿ ಹಿಡಿದಿದ್ದೆ. ಅಲ್ಲಿನ ಇತಿಹಾಸ ಸಂಘದ ಹಿರಿಯರೊಬ್ಬರು ಚರ್ಚಿನ ಅಂಗಳದಲ್ಲಿರುವ ಅವನ ಗೋರಿಯ ಫೋಟೊ ಕಳಿಸಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಸೇರಿಸಿದ್ದರು: ಆತನಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ.

ಮಕ್ಕಳಿರಲಿಲ್ಲ! ಆತನ ಕಣ್ಣಿನಿಂದಲೇ ಆ ಸಾಲು ಓದಿದೆ. ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರಿಗೆ ಗಂಗವ್ವ ಇಲ್ಲವೇ ಇಲ್ಲ, ಇಲ್ಲಿಯವರು ಅವಳ ಮೇಲೆ ಖಡ್ಗದ ಕಥೆ ಮುಚ್ಚಿದ್ದಾರೆ. ಹೋಗಿಯೇ ತೀರಬೇಕು ಎಂದು ಆ ಕ್ಷಣ ಗಟ್ಟಿ ಮಾಡಿದೆ.

ಯಾವಾಗ ಹೋಗಬೇಕೆಂದು ಗೊತ್ತು ಮಾಡಿದವಳು ಅವ್ವ. ಬೇಸಿಗೆಯಲ್ಲಿ ಕ್ಯಾಮರನ್ ಮನೆತನದ ಹೆಸರಿನವರೆಲ್ಲ ಸೇರುತ್ತಾರೆ, ವಾದ್ಯ ಊದುತ್ತಾರೆ, ಚೌಕಡಿಯ ಶಾಲು ಹೊದೆಯುತ್ತಾರೆ, ಆಗ ಬನ್ನಿ ಎಂದು ಆ ಹಿರಿಯರು ಬರೆದಿದ್ದರು.

“ಚೌಕಡಿ ನನ್ನ ಇಳಕಲ್ ಸೀರ್ಯಾಗೂ ಅದಾವು, ಅದಕ್ಕ ಅಲ್ಲಿತನಾ ಯಾಕ ಹೋಗ್ಬೇಕು?” ಎಂದಳು ಅವ್ವ. “ಮಹಾನವಮಿ ಅಮಾಸಿಗೆ ಹೋಗೂಣು. ಆತನ ಗೋರಿ ಮುಂದ ಇಬ್ಬರದೂ ಜೋಡಿ ಎಡಿ ಇಡೂಣು.”

ಆ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ತೀರಿಹೋದ ಹಿರಿಯರಿಗೆಲ್ಲ ದೇವರ ಕೋಣೆಯಲ್ಲಿ ಸಾಲಾಗಿ ಎಡೆ ಇಡುತ್ತಾರೆ. ಗಂಗವ್ವನದು ಮಾತ್ರ ಹಿತ್ತಲ ಬಾಗಿಲಿನ ಆಚೆ, ಬಚ್ಚಲ ನೀರು ಹರಿಯುವಲ್ಲಿ. ಇಟ್ಟುಕೊಂಡವಳಂತೆ, ಒಳಗೆ ಬರಬಾರದಂತೆ. ಅಜ್ಜಿ ಇಟ್ಟಳು, ಅವಳ ನಂತರ ಅವ್ವ ಇಟ್ಟಳು. ಕಾಗೆ ಮುಟ್ಟಿತೋ ನಾಯಿ ಮುಟ್ಟಿತೋ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕ್ಯಾಮರನ್‌ನ ಊರಿನಲ್ಲಿ ಒಲೆಯಿರುವ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ನೋಡಿದೆ. ಅವ್ವನ ವೀಸಾ ಬೇರೆ ಮಾಡಿಸಬೇಕಿತ್ತು, ಜರ್ಮನಿಯದು ಅಲ್ಲಿ ನಡೆಯುವುದಿಲ್ಲ. ಲಟ್ಟಣಿಗೆಯನ್ನು ಕೈಚೀಲದಲ್ಲಿ ಹಾಕಿದರೆ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೋ ಎಂದು ಅವ್ವನಿಗೆ ಚಿಂತೆ. ಇಲ್ಲಿನ ಹಿಟ್ಟಿನಲ್ಲಿ ಎಡೆಯ ಹೋಳಿಗೆಗೆ ಕಣಕ ಎಳೆ ಬರುತ್ತದೋ ಇಲ್ಲವೋ ಎಂದು ಒಂದು ಭಾನುವಾರ ಹೂರಣ ರುಬ್ಬಿ ಪರೀಕ್ಷೆಗೇ ಕೂತಳು. ನನ್ನ ಮಗಳು ಪವಿ ಆ ಗಡಿಬಿಡಿಯಲ್ಲಿ ಗೋರಿಯ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ‘ನಮ್ಮ ಸ್ಕಾಟಿಷ್ ತಾತ’ ಎಂದು ಬರೆದುಬಿಟ್ಟಳು.

ಹೋಳಿಗೆ ಹಂಚಿನ ಮೇಲಿದ್ದಾಗಲೇ ಹುಬ್ಬಳ್ಳಿಯಿಂದ ವಿಡಿಯೊ ಕಾಲ್ ಬಂತು. ಕಪ್ಪು ಕನ್ನಡಕ ಪರದೆಯ ತುಂಬ.

“ಏ ಭೂಮಿಕಾ, ಬುದ್ಧಿ ನೆಟ್ಟಗ ಐತೇನ ನಿಂದು?” ದೊಡ್ಡಪ್ಪ ಗುಡುಗಿದರು. “ದಸರಾಕ್ಕ ನನಗ ಸನ್ಮಾನ ಇಟ್ಕೊಂಡಾರ. ಖಡ್ಗದ ಮನೆತನ ಅಂತ ಹ್ಯಾಂಡಬಿಲ್ ಹಂಚ್ಯಾರ. ನಾಳೆ ಮಂದಿ ಏನಂತಾರ? ಬಿಳೇ ಸಾಹೇಬ ಇಟ್ಕೊಂಡಾಕಿ ಮಕ್ಕಳು ಅನ್ನಂಗಿಲ್ಲೇನು?”

“ಅನ್ನಲಿ ದೊಡ್ಡಪ್ಪ. ಸುಳ್ಳೇನೈತಿ ಅದರಾಗ?”

“ಫೋನ್ ನಿಮ್ಮವ್ವಗ ಕೊಡು.”

ಅವ್ವನಿಗೆ ದೊಡ್ಡಪ್ಪ ಭಾವ. ಮದುವೆಯಾಗಿ ಬಂದ ದಿನದಿಂದ ಅವರೆದುರು ಸೆರಗು ಇಳಿಸಿದವಳಲ್ಲ, ಎದುರಾಡಿದವಳೂ ಅಲ್ಲ. ಹುಬ್ಬಳ್ಳಿಯಲ್ಲಿ ದೊಡ್ಡಪ್ಪನಿರುವ ಮನೆಯ ಹಿಂದಿನ ಎರಡು ಕೋಣೆಗಳಲ್ಲೇ ಅವಳ ವಾಸ. ಹಿಟ್ಟಿನ ಕೈ ತಾಗದಂತೆ ಮಣಿಕಟ್ಟಿನಿಂದಲೇ ಸೆರಗನ್ನು ತಲೆಗೆ ಎಳೆದುಕೊಂಡು ಅವಳು ಫೋನಿನ ಮುಂದೆ ನಿಂತಾಗ ನನಗೆ ಹೆದರಿಕೆಯಾಯಿತು. ಇನ್ನೇನು, ಆಗಲ್ರಿ ಎಂದುಬಿಡುತ್ತಾಳೆ ಎಂದುಕೊಂಡೆ.

“ಭಾವಾರ, ಒಂದ ಮಾತ ಕೇಳ್ತೀನ್ರಿ,” ಎಂದಳು. “ನಾ ಬಂದ ಮೊದಲನೇ ವರ್ಷ ಅತ್ತಿಯಾರು ಆ ಎಡಿ ನನ್ನ ಕೈಯಾಗ ಕೊಟ್ಟು, ಹೊರಗ ಇಟ್ಟ ಬಾ ಅಂದ್ರು. ಯಾರಿಗ್ರಿ ಅಂತ ಕೇಳ್ದೆ. ನಮಗೆಲ್ಲಾ ಹೆಸರ ಕೊಟ್ಟಾಕಿಗೆ ಅಂದ್ರು. ಆಕಿ ಕೊಟ್ಟ ಹೆಸರ ಬೇಕು, ಆಕಿ ಬ್ಯಾಡೇನ್ರಿ?”

“ಅನ್ನಪೂರ್ಣವ್ವಾ, ಮಾತ ಬೆಳಸಬ್ಯಾಡ. ಆ ದೇಶಕ್ಕ ಕಾಲಿಟ್ರ ತಿರುಗಿ ಈ ಮನಿ ಬಾಗಲಾ ನಿನಗ ತಗಿಯಂಗಿಲ್ಲ. ಹೇಳಿಬಿಟ್ಟೀನಿ.”

ಹಂಚಿನ ಮೇಲಿನ ಹೋಳಿಗೆ ಸೀಯುತ್ತಿತ್ತು. ಅವ್ವ ಅದನ್ನು ತಿರುವಿ ಹಾಕಿ, ಒಲೆ ಆರಿಸಿ, ಮತ್ತೆ ಫೋನಿನ ಕಡೆ ತಿರುಗಿದಳು.

“ಹಂಗಾರ ನಾ ಸತ್ತಮ್ಯಾಲೆ ನನ್ನ ಎಡೀನೂ ಹೊರಗ ಇಡ್ರಿ. ಗಂಗವ್ವನ ಜೋಡಿ ಕುಂತ ಉಣತೀನಿ. ನಿಮಗ ಒಂದ ಹೇಳ್ತೀನಿ, ತಪ್ಪ ತಿಳಕೋಬ್ಯಾಡ್ರಿ. ಆ ಕನ್ನಡಕ ತಗದು ಒಮ್ಮೆ ಕನ್ನಡ್ಯಾಗ ಮಾರಿ ನೋಡ್ಕೋರಿ. ಆಕಿ ಮಗಾ ಕಾಣ್ತಾನ.”

ಅವ್ವ ಹಿಟ್ಟಿನ ಬೆರಳಿನಿಂದ ಕೆಂಪು ಗುಂಡಿ ಒತ್ತಿದಳು. ತಾನಾಗಿ ಯಾರ ಫೋನನ್ನೂ ಕಟ್ ಮಾಡಿದವಳಲ್ಲ ಅವಳು. ಪರದೆಯ ಮೇಲೆ ಬೆರಳಿನ ಬಿಳಿ ಗುರುತು ಉಳಿಯಿತು. ನನಗೆ ಅಳುವೂ ಬಂತು, ಚಪ್ಪಾಳೆ ಹೊಡೆಯಬೇಕು ಎಂದೂ ಅನ್ನಿಸಿತು. ಮನೆಯ ಬಾಗಿಲು ಮುಚ್ಚಿಸಿಕೊಂಡವಳ ಹಾಗೆ ಅವಳು ಕಾಣುತ್ತಿರಲಿಲ್ಲ.

ಪವಿ ಜರ್ಮನ್‌ನಲ್ಲಿ ಏನೋ ಕೇಳಿದಳು. ನಾನು ಅವ್ವನಿಗೆ ಹೇಳಿದೆ: “ಚರ್ಚಿನವರು ಇಡಬ್ಯಾಡ್ರಿ ಅಂದ್ರ ಏನ ಮಾಡೂಣು ಅಂತಾಳ.”

“ಅವರನ್ನ ಕೇಳವ್ರ್ಯಾರು?” ಎಂದಳು ಅವ್ವ. “ಮೊಮ್ಮಕ್ಕಳು ಬಂದೀವಿ ಅಂತ ಹೇಳೋದು, ಇಡೋದು.”

ಮೊದಲ ಹೋಳಿಗೆ ತಟ್ಟೆಗೆ ಬಂತು. ಅವ್ವ ತುಪ್ಪ ಹಾಕಿದಳು. ಪರೀಕ್ಷೆಯ ಹೋಳಿಗೆಯಾದರೂ ಹೋಳಿಗೆಯೇ ತಾನೆ, ಅವಳ ಕಾಲುಗಳು ಹಿತ್ತಲಿಗೆ ಹೋಗುವ ಅಭ್ಯಾಸದಂತೆ ಬಾಲ್ಕನಿಯ ಕಡೆ ನಡೆದವು. ಮೊಣಕೈಯಿಂದ ಬಾಗಿಲು ತಳ್ಳಿದಳು. ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಬಗ್ಗಿ ತಟ್ಟೆಯನ್ನು ನೆಲಕ್ಕೆ ಇಡಲು ಹೋದವಳು ಹಾಗೆಯೇ ನಿಂತುಬಿಟ್ಟಳು.

ಆಮೇಲೆ ನೆಟ್ಟಗಾಗಿ ತಟ್ಟೆಯನ್ನು ವಾಪಸು ತಂದು, ಊಟದ ಮೇಜಿನ ಮೇಲೆ ಪವಿಯ ಪಕ್ಕದ ಖಾಲಿ ಕುರ್ಚಿಯ ಮುಂದೆ ಇಟ್ಟಳು. ಬಾಲ್ಕನಿಯ ಬಾಗಿಲು ಇನ್ನೂ ತೆರೆದೇ ಇತ್ತು. ಹಾಕಲು ಎದ್ದೆ. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು.

“ತಡಿ,” ಎಂದಳು. “ಆಕಿ ಒಳಗ ಬರಲಿ.”