ಕಿವಿದುಡ್ಡಿನ ಪರದೆ

ಪ್ರೊಜೆಕ್ಟರ್ ಅಂಗಡಿಯವನು ಸಿನಿಮಾ ಹಾಕಿ ತೋರಿಸುವ ಕೋಣೆಯ ಗಾಜಿನ ಬಾಗಿಲು ತೆರೆದು ಗಂಡನನ್ನೂ ಅಳಿಯನನ್ನೂ ಒಳಗೆ ಕರೆದುಕೊಂಡ. ಮಿಲ್ಲಕ್ಕನಿಗೆ ಮಾತ್ರ ಹೊರಗಿನ ಸೋಫಾ ತೋರಿಸಿದ. ಒಳಗೆ ಸದ್ದು ಜಾಸ್ತಿಯಂತೆ! ಎರಡು ಕಿವಿಯೂ ಕೇಳದ ಹೆಂಗಸನ್ನು ಸದ್ದು ಜಾಸ್ತಿ ಅಂತ ಹೊರಗೆ ಕೂರಿಸುವ ಇಂಥ ಬುದ್ಧಿವಂತರನ್ನು ಎಲ್ಲಿಂದ ಹುಡುಕಿ ತರುತ್ತಾರೋ. ಅದಕ್ಕಿಂತ ಅವಳ ಮೈ ಉರಿಸಿದ್ದು ಇನ್ನೊಂದು. ಗಂಡನಾಗಲಿ ಅಳಿಯನಾಗಲಿ ಒಂದು ಸಲ ಹಿಂದಿರುಗಿ ನೋಡಲಿಲ್ಲ. ತಂದ ದುಡ್ಡು ಅವಳದು. ಬರೀ ಅವಳದಲ್ಲ, ಅವಳ ಕಿವಿಯದು.

ಬೀದಿಯವರೆಲ್ಲ ಅವಳನ್ನು ಮಿಲ್ಲಕ್ಕ ಅನ್ನುವುದು ಸುಮ್ಮನೆ ಅಲ್ಲ. ಬಟ್ಟೆ ಮಿಲ್ಲಿನ ನೇಯ್ಗೆ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಮಗ್ಗ ನೋಡಿಕೊಂಡವಳು ಅವಳು. ಒಂದೇ ಸೂರಿನಡಿ ಇನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಜಾಗ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಮಿಲ್ಲಿನವರು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು. ದಿನವೂ ಲಾರಿಗಟ್ಟಲೆ ಹತ್ತಿ ಇಳಿಸಿಕೊಳ್ಳುತ್ತಿದ್ದ ಆ ಪುಣ್ಯಾತ್ಮರು, ಕಿವಿಗೆ ಬೇಕಾದ ಚಿಟಿಕೆ ಹತ್ತಿಯನ್ನು ಮನೆಯಿಂದ ತನ್ನಿ ಎನ್ನುತ್ತಿದ್ದರು. ಅದನ್ನು ನೆನೆದರೆ ಇವತ್ತಿಗೂ ಅವಳ ಪಿತ್ತ ನೆತ್ತಿಗೇರುತ್ತದೆ. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ಕುಕ್ಕರ್ ಕೂಗುವುದು, ಕೊನೆಗೆ ಮಗಳ ದನಿ. ಕಿವಿಗೆ ಮಿಷನ್ ಹಾಕಿಸಿ ನೋಡಿದ್ದೂ ಆಯಿತು. ಸದ್ದು ದೊಡ್ಡದಾಯಿತೇ ಹೊರತು ಮಾತಾಗಲಿಲ್ಲ. ನರವೇ ಸತ್ತಿದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಆರು ವರ್ಷ ಆಫೀಸಿನಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ ಪರಿಹಾರ ಬಂತು. ಮನೆಯಲ್ಲಿ ಅದಕ್ಕೆ ಕಿವಿದುಡ್ಡು ಎಂದೇ ಹೆಸರು.

ಆ ದುಡ್ಡಿನಲ್ಲಿ ಅವಳು ಬಯಸಿದ್ದು ಒಂದೇ ಒಂದು. ಮನೆಯವರೆಲ್ಲ ಕೂತು ಸಿನಿಮಾ ನೋಡುವಾಗ, ಅವರು ನಗುವ ಹೊತ್ತಿಗೆ ತಾನೂ ನಗಬೇಕು. ಮನೆಯ ಟಿವಿಯಲ್ಲಿ ಕೆಳಗೆ ಮಾತಿನ ಜೊತೆ ಬರುವ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಓದಬೇಕಾದರೆ ಟಿವಿಗೆ ಮೂಗು ತಾಗಿಸಿ ಕೂರಬೇಕು. ಕೂತರೆ ಅಡ್ಡ ಬರಬೇಡ ಎಂದು ಹಿಂದಿನಿಂದ ಎಲ್ಲರೂ ಕೈ ಬೀಸುತ್ತಾರೆ. ಹಿಂದೆ ಹೋಗಿ ಕೂತರೆ ಎಲ್ಲರ ಹೊಟ್ಟೆ ಕುಣಿಯುವುದಷ್ಟೇ ಕಾಣುತ್ತದೆ. “ಏನ್ರೀ? ಏನಂದ?” ಎಂದು ಗಂಡನ ತೋಳು ಜಗ್ಗಿದರೆ ಅವನು ಟಿವಿಯಿಂದ ಕಣ್ಣು ಕೀಳದೆ, “ಆಮೇಲೆ ಹೇಳ್ತೀನಿ” ಎನ್ನುತ್ತಾನೆ. ಹದಿನಾಲ್ಕು ವರ್ಷವಾಯಿತು. ಆ ಆಮೇಲೆ ಒಂದು ದಿನವೂ ಬಂದಿಲ್ಲ.

ಗೋಡೆಯಷ್ಟು ಚಿತ್ರ, ಅಂಗೈಯಷ್ಟು ಅಕ್ಷರ, ಎಲ್ಲರ ಜೊತೆ ಸೋಫಾದಲ್ಲೇ ಒಂದು ಜಾಗ. ಇದನ್ನು ಅವಳು ಮನೆಯಲ್ಲಿ ಮೂರು ಸಲ ಬಿಡಿಸಿ ಹೇಳಿದ್ದಳು. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತನಾದ ಗಂಡ ಹೂಂ ಎಂದು ತಲೆಯಾಡಿಸಿದ್ದ. ಒಂದು ತಿಂಗಳಿಂದ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪ್ರೊಜೆಕ್ಟರ್ ಪಂಡಿತನಾಗಿದ್ದ ಅಳಿಯ, “ನಂಗೆ ಬಿಡಿ ಅತ್ತೆ” ಎಂದಿದ್ದ.

ಈಗ ಗಾಜಿನ ಆಚೆಯ ಕತ್ತಲೆಯಲ್ಲಿ ಮೂವರೂ ಅವಳಿಗೆ ಮುಖ ಮಾಡಿಯೇ ನಿಂತಿದ್ದರು, ಹೊರಗಿನ ಲೈಟು ಅವರ ಮುಖಕ್ಕೇ ಬೀಳುತ್ತಿತ್ತು. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿನ ಹೆಂಗಸರು ತುಟಿಯಲ್ಲೇ ಆಡುತ್ತಾರೆ, ಕಣ್ಣಲ್ಲೇ ಕೇಳುತ್ತಾರೆ. ಅತ್ತೆಯ ಕಾಟ, ನಾದಿನಿಯ ಮದುವೆ, ಸೂಪರ್‌ವೈಸರನ ವಿಗ್ಗು, ಎಲ್ಲವನ್ನೂ ಅವಳು ಎರಡು ಸಾಲು ಮಗ್ಗದ ಆಚೆಯಿಂದ ಓದಿದವಳು. ಮನೆಯಲ್ಲಿ ಎದುರು ನಿಂತು ಮಾತಾಡಿದರೆ ಅವಳಿಗೆ ತಿಳಿಯುತ್ತದೆ ಎನ್ನುವುದು ಗಂಡನಿಗೆ ಗೊತ್ತಿತ್ತು. ಗಾಜಿನ ಆಚೆಯಿಂದಲೂ ತಿಳಿಯುತ್ತದೆ ಎನ್ನುವುದು ಅಷ್ಟು ವರ್ಷ ಸಂಸಾರ ಮಾಡಿದರೂ ಅವನಿಗೆ ಹೊಳೆದಿರಲಿಲ್ಲ.

“ಸ್ಪೀಕರ್ ಮಾತ್ರ ಟಾಪ್ ಇರ್ಲಿ ಮಾವ,” ಎನ್ನುತ್ತಿದ್ದ ಅಳಿಯ. “ಪ್ರೊಜೆಕ್ಟರ್ ಅಗ್ಗದ್ದೇ ಸಾಕು. ಉಳಿದಿದ್ರಲ್ಲಿ ಆ ರೆಡಿ ಸ್ಕ್ರೀನ್ ಬರತ್ತೆ.”

“ಅಮ್ಮಾವ್ರನ್ನ ಒಂದು ಮಾತು ಕೇಳ್ತೀರಾ ಸರ್?” ಎಂದ ಅಂಗಡಿಯವನು. ಇದ್ದವರಲ್ಲಿ ಅವನೇ ವಾಸಿ.

ಗಂಡ ನಕ್ಕ. “ಅವಳನ್ನೇನು ಕೇಳೋದು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.”

ಕೋಣ ಎನ್ನುವಾಗ ಅವನ ತುಟಿ ದುಂಡಗಾಗಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮಿಲ್ಲಕ್ಕ ಎದ್ದಳು. ಅಳುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

ಬಾಗಿಲು ತಳ್ಳಿ ಒಳಗೆ ಹೋದರೆ ಪಾದದಡಿಯ ನೆಲ ಗುಮ್ಮೆಂದು ಅದುರುತ್ತಿತ್ತು, ಎದೆಗೂಡಿಗೂ ಬಂದು ತಾಗಿತು. ಮಗ್ಗದ ಶೆಡ್ಡೇ ವಾಪಸ್ಸು ಬಂದ ಹಾಗಾಯಿತು. ಎದುರಿನ ಪರದೆಯ ಮೇಲೆ ಬಣ್ಣಬಣ್ಣದ ಮೀನು ಈಜುತ್ತಿದ್ದವು.

“ಕೋಣ ಬಂದಿದೆ,” ಎಂದಳು. “ಕಿನ್ನರಿ ನಿಲ್ಸಿ.”

ಅವಳು ಮೆಲ್ಲಗೆ ಮಾತಾಡಿದರೇ ಪಕ್ಕದ ಮನೆಗೆ ಕೇಳುತ್ತದೆ. ಇದು ಮೆಲ್ಲಗೆ ಆಡಿದ ಮಾತಲ್ಲ. ಅಂಗಡಿಯವನ ಕೈ ತಾನಾಗಿ ರಿಮೋಟಿಗೆ ಹೋಯಿತು. ನೆಲ ಸುಮ್ಮನಾಯಿತು. ಗಂಡನ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯಂತಾಯಿತು.

“ಅದು... ಸುಮ್ನೆ ಮಾತಿಗೆ...” ಎಂದ.

“ಮಾತಿಗೇ ತಾನೇ ನಾನು ಇಷ್ಟು ವರ್ಷ ಕಾದಿದ್ದು? ಕೊನೆಗೂ ನಿಮ್ಮ ಬಾಯಿಂದ ಒಂದು ಪೂರ್ತಿ ಮಾತು ಸಿಕ್ತು ನೋಡಿ.”

ಅಳಿಯ ನಡುವೆ ಬಂದ. “ಹಾಗಲ್ಲ ಅತ್ತೆ, ಹೋಮ್ ಥಿಯೇಟರ್ ಅಂದ್ರೆ ಸೌಂಡೇ ಮುಖ್ಯ. ಎಲ್ಲ ವಿಡಿಯೋದಲ್ಲೂ ಅದನ್ನೇ ಹೇಳ್ತಾರೆ.”

“ಯಾರಿಗೆ ಮುಖ್ಯ ಅಳಿಯಂದ್ರೇ?”

ಅವನು ಮಾವನ ಮುಖ ನೋಡಿದ. ಮಾವ ನೆಲ ನೋಡಿದ.

“ನನ್ನ ಕಿವಿ ಮಾರಿ ನಿಮ್ಮ ಕಿವಿಗೆ ಒಡವೆ ಮಾಡಿಸ್ಕೊಳ್ತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಎಂದಳು ಮಿಲ್ಲಕ್ಕ. ಅಂಗಡಿಯವನ ಕಡೆ ತಿರುಗಿ, “ಲೈಟ್ ಹಾಕಿ” ಎಂದಳು.

“ಲೈಟ್ ಹಾಕಿದ್ರೆ ಚಿತ್ರ ಮಂಕಾಗತ್ತೆ ಮೇಡಂ.”

“ನಮ್ಮನೇಲಿ ಕಿಟಕಿ ಇದೆ. ಹಾಕಿ.”

ಲೈಟು ಬಂತು, ಮೀನು ಹೋದವು. ಅಳಿಯ ಆರಿಸಿದ್ದ ಅಗ್ಗದ ಪ್ರೊಜೆಕ್ಟರಿನ ಬಣ್ಣವೆಲ್ಲ ಪಾತ್ರೆ ತೊಳೆದ ನೀರಾಯಿತು. ಅಳಿಯನಿಗೆ ಅವಮಾನವಾಯಿತು. “ಡಬ್ಬದ ಮೇಲೆ ಒಂಬತ್ತು ಸಾವಿರ ಲ್ಯೂಮೆನ್ ಬೆಳಕು ಅಂತ ಬರ್ದಿದೆ ಅತ್ತೆ!”

“ಮಿಲ್ಲಿನ ಗೋಡೆ ಮೇಲೂ ಬರ್ದಿತ್ತು.”

ಕೆಳಗೆ ಅಕ್ಷರ ಬರುವ ಸಿನಿಮಾ ಹಾಕಿಸಿದಳು. ನಡುವಿನ ನಾಲ್ಕು ಪದ ಪರವಾಗಿಲ್ಲ, ಉಳಿದವು ಅಂಚಿಗೆ ಹೋದ ಹಾಗೆ ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿಕೊಂಡಿದ್ದವು. ಇದರಲ್ಲಿ ಅತಿ ಸ್ಪಷ್ಟವಾದ 4ಕೆ ಚಿತ್ರವೂ ನಡೆಯುತ್ತದೆ ಎಂದು ಅಳಿಯ ಕೊನೆಯ ಬಾಣ ಬಿಟ್ಟ. ಅಂಗಡಿಯವನು ಕೆಮ್ಮಿ, “4ಕೆ ಸಿನಿಮಾನ ಒಳಗೆ ತಗೊಳ್ಳತ್ತೆ ಸರ್. ಹೊರಗೆ ಬಿಡೋದು ಅದರ ಕಾಲು ಭಾಗವೂ ಇಲ್ಲ,” ಎಂದು ಒಪ್ಪಿಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅಕ್ಷರವೇ ಎದುರಿಗೆ ನಿಂತು ಹೇಳುತ್ತಿತ್ತು.

ಎರಡನೆಯದನ್ನು ಮೇಜಿನ ಮೂಲೆಯಲ್ಲಿ ಓರೆಯಾಗಿಟ್ಟು, ಬಟನ್ ಒತ್ತಿದರೆ ಚಿತ್ರ ತಾನೇ ನೆಟ್ಟಗಾಗುತ್ತದೆ ಎಂದು ಅಂಗಡಿಯವನು ಹೆಮ್ಮೆಯಿಂದ ತೋರಿಸಿದ. ಚೌಕಟ್ಟೇನೋ ನೆಟ್ಟಗಾಯಿತು, ಅಕ್ಷರ ಸೊರಗಿತು. ಮೂರನೆಯದು ನೋಡಲು ಅಡುಗೆಮನೆಯ ಟೋಸ್ಟರಿನ ಹಾಗಿತ್ತು. ಡಬ್ಬದ ಮೇಲಿನ ಲ್ಯೂಮೆನ್ ಸಂಖ್ಯೆ ಸಣ್ಣದು, ಬೆಲೆ ಮೊದಲಿನದರ ಎರಡರಷ್ಟು. ಅದನ್ನು ನಡುವಿಗೆ ನೇರವಾಗಿ ಇಡಿಸಿದಳು. ಲೈಟು ಉರಿಯುತ್ತಲೇ ಇತ್ತು. ಕೋಣೆಯ ಆ ಕೊನೆಗೆ ಹೋಗಿ ನಿಂತು ಈ ಅಂಚಿನಿಂದ ಆ ಅಂಚಿನವರೆಗೆ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ.

“ಇದೇ,” ಎಂದಳು.

“ಇದನ್ನ ತಗೊಂಡ್ರೆ ಸ್ಪೀಕರಿಗೆ ಏನೂ ಉಳಿಯಲ್ಲ ಅತ್ತೆ.”

“ಒಳಗೇ ಒಂದು ಇದೆಯಂತಲ್ಲ.”

“ಅದು ಸೊಳ್ಳೆ ಗುಂಯ್‌ಗುಟ್ಟಿದ ಹಾಗಿರತ್ತೆ!”

“ನಂಗೆ ತೊಂದರೆ ಇಲ್ಲ.”

ಇನ್ನು ಪರದೆ. ಅಂಗಡಿಯವನು ಮೇಲಿನ ಕೊಳವೆಯಿಂದ ಸುರುಳಿ ಸ್ಕ್ರೀನನ್ನು ಸರ್ರನೆ ಎಳೆದ. ಬೆಳ್ಳಗಿರುವುದೆಲ್ಲ ಹಾಲಲ್ಲ, ಬಟ್ಟೆಯ ವಿಷಯದಲ್ಲಿ ಅವಳಿಗೆ ಹೇಳಿಕೊಡಲು ಇನ್ನೊಬ್ಬಳು ಹುಟ್ಟಬೇಕು. ಹೆಬ್ಬೆರಳು ಅಂಚಿನುದ್ದಕ್ಕೂ ಜಾರಿತು, ನಡುವಿಗೆ ಬಂತು, ಮತ್ತೆ ಅಂಚಿಗೆ ಹೋಯಿತು. “ಅಂಚು ಬಿಗಿ, ನಡು ಸಡಿಲ. ಇವತ್ತು ನೆಟ್ಟಗಿದೆ, ಎರಡು ತಿಂಗಳಿಗೆ ಅಲೆ ಏಳತ್ತೆ. ಅಲೆ ಮೇಲೆ ಅಕ್ಷರ ಓದೋಕೆ ನಾನೇನು ನಿಮ್ಮ ಮೀನಾ?” ಅಂಗಡಿಯವನು ವಾದ ಮಾಡಲಿಲ್ಲ. ಇಬ್ಬರು ಗಿರಾಕಿಗಳು ಅದೇ ದೂರು ಹಿಡಿದು ಬಂದಿದ್ದರು ಎಂದು ತುಟಿ ಹೆಚ್ಚು ಅಲುಗಿಸದೆ ಹೇಳಿದ. ಅವಳು ಅದನ್ನೂ ಓದಿದಳು. ಸ್ಕ್ರೀನು ಬೇಡ ಎಂದು ಟೋಸ್ಟರಿನಂಥ ಆ ಪ್ರೊಜೆಕ್ಟರಿಗಷ್ಟೇ ದುಡ್ಡು ಎಣಿಸಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಡ ಏನೋ ಗೊಣಗಲು ಶುರುಮಾಡಿದ. ಅವಳು ಮುಖವನ್ನು ಕಿಟಕಿಗೆ ತಿರುಗಿಸಿದಳು. ಅವಳೊಡನೆ ಜಗಳ ಆಡಬೇಕಾದರೆ ಮೊದಲು ಅವಳ ಕಣ್ಣು ಬೇಕು. ಇಡೀ ದಾರಿ ಅವನು ಅವಳ ಬೆನ್ನಿಗೆ ಮಾತಾಡಿದ. ಅವಳು ಒಂದು ಅಕ್ಷರವನ್ನೂ ಮುಟ್ಟಿಸಿಕೊಳ್ಳಲಿಲ್ಲ.

ಪರದೆಗೆಂದು ಬಡಗಿಯಿಂದ ಮರದ ಚೌಕಟ್ಟು ಮಾಡಿಸಿದಳು. ಕರ್ಟನ್ ಅಂಗಡಿಗೆ ಹೋಗಿ, ಬಿಸಿಲು ತಡೆಯಲು ಹಿಂದೆ ಹೊಲಿಯುವ ದಪ್ಪ ಬಿಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮೂರು ಸುರುಳಿ ಬೇಡ ಎಂದು ನಾಲ್ಕನೆಯದರಿಂದ ಬೇಕಾದಷ್ಟು ಕತ್ತರಿಸಿ ಕೊಡಿ ಎಂದಳು. ನಡುಮನೆಯ ನೆಲದ ಮೇಲೆ ಚೌಕಟ್ಟು ಮಲಗಿಸಿ, ಬಟ್ಟೆಯ ಒಂದು ಅಂಚನ್ನು ಗಂಡನ ಕೈಗೆ ಕೊಟ್ಟು, ಎಳೀರಿ ಎಂದಳು. ನಡುವಿನಿಂದ ಶುರುಮಾಡಿ ಈ ಕಡೆ ಒಂದು ಪಿನ್ನು, ಆ ಕಡೆ ಒಂದು ಪಿನ್ನು. ಎದುರುಬದುರು ಮಂಡಿಯೂರಿ ಕೂತಿದ್ದಷ್ಟು ಹೊತ್ತೂ ಅವಳ ಕಣ್ಣು ಅವನ ತುಟಿಯ ಮೇಲಿತ್ತು. ತಪ್ಪಾಯ್ತು ಅನ್ನುತ್ತಾನೇನೋ ಎಂದು. ಅವನು ಕೇಳಿದ್ದು, “ಪಿನ್ನು ಸಾಕಾ?”

ಅವಳು ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಮುಂದಿನ ಪಿನ್ನು ಹೊಡೆದಳು.

ಭಾನುವಾರ ಮಧ್ಯಾಹ್ನ ಮಗಳು ಅಳಿಯ ಬಂದರು. ಟೋಸ್ಟರು ಮೇಜಿನ ಮೇಲೆ ಕೂತಿತು, ಪರದೆ ಗೋಡೆ ತುಂಬಿತು. ಮಿಲ್ಲಕ್ಕ ಸೋಫಾದ ನಡುವೆ ಕೂತಳು. ಯಾರೂ ಕೈ ಬೀಸಲಿಲ್ಲ. ಸಿನಿಮಾದಲ್ಲಿ ಒಬ್ಬ ಕಳ್ಳ ಕಿಟಕಿಯಿಂದ ಮನೆಯೊಳಗೆ ಇಳಿದ. ಹಾಸಿಗೆಯ ಮೇಲಿದ್ದ ಮುದುಕಿ ಎದ್ದು ಕೂತು ಅವನನ್ನೇ ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಇಡೀ ಸಾಲು ಅಂಗೈಯಷ್ಟು ದಪ್ಪಕ್ಕೆ ಬಂದು ನಿಂತಿತು: ಬಂದದ್ದು ಬಂದೆ, ಆ ಬೀರು ಬಾಗಿಲು ತೆಗೆದುಕೊಟ್ಟು ಹೋಗಪ್ಪ, ಹನ್ನೆರಡು ವರ್ಷದಿಂದ ನನ್ನ ಕೈಲಿ ಆಗಿಲ್ಲ.

ಮಿಲ್ಲಕ್ಕ ನಕ್ಕಳು. ಮಗ್ಗದ ಸದ್ದನ್ನು ಮೀರಿಸುತ್ತಿದ್ದ ಹಳೆಯ ನಗು ಅದು. ಹದಿನಾಲ್ಕು ವರ್ಷದಿಂದ ಎಲ್ಲಿತ್ತೋ. ಮಗಳು ಬೆಚ್ಚಿ ನೋಡಿದಳು. ತೆರೆಯ ಮೇಲೆ ಮುದುಕಿ ಇನ್ನೂ ಅರ್ಧ ಮಾತಿನಲ್ಲಿದ್ದಳು. ಟೋಸ್ಟರಿನ ಫ್ಯಾನು ಭುಸುಗುಡುತ್ತಿತ್ತು, ಒಳಗಿನ ಪುಟ್ಟ ಸ್ಪೀಕರು ಪಿಸುಗುಡುತ್ತಿತ್ತು. ಗಂಡ ಕಿವಿಗೆ ಅಂಗೈ ಅಡ್ಡ ಹಿಡಿದು ಮುಂದೆ ಬಾಗಿದ, ಕೇಳಿಸಲಿಲ್ಲ. ಅಕ್ಷರ ನೋಡಿದ, ಜೀವಮಾನವೆಲ್ಲ ಬಸ್ಸಿನ ವೇಳೆ ಬಿಟ್ಟು ಬೇರೆ ಓದದವನು, ಬಂದದ್ದು ಬಂದೆ ಎನ್ನುವಷ್ಟರಲ್ಲಿ ಸಾಲು ಮಾಯವಾಯಿತು. ಅವಳು ನಗುತ್ತಲೇ ಇದ್ದಳು.

ಅವನು ಅವಳ ತೋಳು ಜಗ್ಗಿದ.

ಅವನ ಮುಖ ನೋಡುವ ಅಗತ್ಯವೇ ಅವಳಿಗೆ ಇರಲಿಲ್ಲ. ಆ ಜಗ್ಗುವಿಕೆ ಏನು ಕೇಳುತ್ತದೆ ಎನ್ನುವುದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪರದೆಯಿಂದ ಕಣ್ಣು ಕೀಳದೆ ಹೇಳಿದಳು:

“ಆಮೇಲೆ ಹೇಳ್ತೀನಿ.”