ಕುಲುಕದ ಸೀಸೆ

‘ಬಳಸುವ ಮುನ್ನ ಕುಲುಕಿ’ ಎಂದು ನಮ್ಮ ಪ್ರಯೋಗಾಲಯದ ಗೋಡೆಗೆ ಚೀಟಿ ಅಂಟಿಸಿದವಳು ನಾನೇ. ಕುಲುಕದೆ ಸೀಸೆ ಮುಟ್ಟಿದವರಿಗೆಲ್ಲ ಮಂಗಳಾರತಿ ಮಾಡಿದವಳೂ ನಾನೇ.

ಸೀಸೆಯಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು. ಹೃದಯಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಪ್ರೋಟೀನನ್ನು ಅವು ಹಿಡಿದುಕೊಳ್ಳುತ್ತವೆ. ಅಯಸ್ಕಾಂತ ಅವನ್ನು ಸೆನ್ಸರ್ ಮೇಲಕ್ಕೆ ಎಳೆಯುತ್ತದೆ, ಸೆನ್ಸರ್ ಎಣಿಸುತ್ತದೆ. ನನ್ನ ಭಾವ ಇದಕ್ಕೆ ಇಟ್ಟ ಹೆಸರು ತುಕ್ಕು ನೀರು.

ಇವತ್ತು ಬೆಳಿಗ್ಗೆ ಅದೇ ಭಾವ ಎದೆ ನೀವಿಕೊಳ್ಳುತ್ತ ಅಕ್ಕನ ಜೊತೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು.

“ಎದೆ ಒತ್ತಿದ ಹಾಗಾಗ್ತಿದೆಯಂತೆ. ನೀನೇ ಒಂದ್ಸಲ ನೋಡ್ಬಿಡೇ,” ಎಂದಳು ಅಕ್ಕ.

ನಮ್ಮ ಸಾಧನ ಇನ್ನೂ ಪ್ರಯೋಗದಲ್ಲಿದೆ, ರೋಗಿಗಳಿಗೆ ಫಲಿತಾಂಶ ಹೇಳುವ ಹಾಗಿಲ್ಲ. ಆಸ್ಪತ್ರೆಗೆ ಅಟ್ಟಬೇಕಿತ್ತು. ಆದರೆ ನನ್ನ ದೊಡ್ಡಸ್ತಿಕೆ ಬಿಡಬೇಕಲ್ಲ. ಭಾವನ ಬೆರಳು ಚುಚ್ಚಿದೆ.

“ತುಕ್ಕು ನೀರು ಏನಂತದಮ್ಮಾ?”

“ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಭಾವ,” ಎಂದು ಗದರುತ್ತಲೇ ಸೀಸೆಯ ಮೇಲಿನಿಂದ ಹನಿ ತೆಗೆದು ರಕ್ತಕ್ಕೆ ಬೆರೆಸಿದೆ. ಸೊನ್ನೆ ಬಂತು.

“ಗುಂಡುಕಲ್ಲಿನ ಹಾಗಿದೀರಿ, ಮನೆಗೆ ಹೋಗಿ,” ಎಂದೆ.

ಮಧ್ಯಾಹ್ನ ಮೇಜು ಒರೆಸುವಾಗ ಆ ಸೀಸೆ ಕಣ್ಣಿಗೆ ಬಿತ್ತು. ಮೇಲೆಲ್ಲ ತಿಳಿನೀರು, ಕಂದು ಕಣಗಳೆಲ್ಲ ತಳ ಕಚ್ಚಿ ಕೂತಿವೆ. ನಿನ್ನೆ ಸಂಜೆ ಅದನ್ನು ಅಯಸ್ಕಾಂತದ ಮೇಲಿಟ್ಟು ಮರೆತವಳು ನಾನು. ಭಾವನ ರಕ್ತಕ್ಕೆ ಹಾಕಿದ್ದು ಬರೀ ನೀರು. ಎಂಥ ಗಟ್ಟಿಮುಟ್ಟಾದವರ ರಕ್ತಕ್ಕೂ ನಮ್ಮ ಸೆನ್ಸರ್ ಅಷ್ಟಿಷ್ಟು ತೋರಿಸುತ್ತದೆ, ಸೊನ್ನೆ ಯಾರಿಗೂ ಬರುವುದಿಲ್ಲ. ಹೊಸಬರಿಗೆ ಇದನ್ನು ಕಲಿಸುವವಳೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಂಬುಲೆನ್ಸ್‌ಗೆ ಅಕ್ಕನ ಮನೆಯ ವಿಳಾಸ ಹೇಳಿ, ಅಕ್ಕನಿಗೆ ಫೋನ್ ಮಾಡಿದೆ.

“ಭಾವ ಎಲ್ಲಿ?”

“ಬೀರು ಮಹಡಿಗೆ ಸಾಗಿಸ್ತಿದಾರೆ. ಏನೂ ಇಲ್ಲ ಅಂತ ನೀನೇ ಅಂದ್ಮೇಲೆ ಅವರನ್ನ ಹಿಡಿಯೋಕಾಗತ್ತಾ?”

“ಮೊದಲು ಕೂರಿಸು ಅಕ್ಕ. ಆಂಬುಲೆನ್ಸ್ ಬರ್ತಿದೆ. ಬೆಳಿಗ್ಗೆ ನೋಡಿದ್ದು ತಪ್ಪು.”

ಅವಳು ಮೆಟ್ಟಿಲ ಕಡೆ ಓಡಿದ್ದು ಕೇಳಿಸಿತು. “ರೀ, ಇಳಿಸ್ರೀ ಅದನ್ನ.” ಬೀರು ಧಡ್ಡೆಂದು ಗೋಡೆಗೆ ಒರಗಿದ ಸದ್ದಾಯಿತು. ಆಮೇಲೆ ಅಕ್ಕನ ದನಿ ಮತ್ತೆ ಬಂತು.

“ಕೂತಿದಾರೆ. ತುಂಬಾ ಬೆವರ್ತಿದಾರೆ ಕಣೇ. ಆ ಯಂತ್ರ ಕೆಟ್ಟಿತ್ತಾ?”

ಹೂಂ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ಇಲ್ಲ. ಯಂತ್ರ ಚೆನ್ನಾಗಿದೆ. ನಾನು ಸೀಸೆ ಕುಲುಕಲಿಲ್ಲ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಬೆಳಿಗ್ಗೆ ಅವರು ಆಸ್ಪತ್ರೆಗೇ ಹೊರಟಿದ್ರು,” ಎಂದಳು. “ಯಾಕೆ, ನನ್ನ ತಂಗಿ ಇಲ್ವಾ ಅಂತ ದಾರಿಯಿಂದ ವಾಪಸ್ ಕರ್ಕೊಂಡು ಬಂದವಳು ನಾನು.”

ಫೋನ್ ಇಟ್ಟಳು. ಯಾವ ಮುಖ ಹೊತ್ತು ಹೋಗಲಿ ಎಂದುಕೊಳ್ಳುತ್ತಲೇ ಗಾಡಿಯ ಕೀ ಹುಡುಕಿದೆ.